ಗೃಹಸ್ಥನ ಸಾಲವೂ ನಕ್ಷೆಯ ಕೆಂಪು ಬಣ್ಣವೂ

ಸ್ವಂತ ಮನೆಯೊಂದಿರಬೇಕೆಂಬ ಆಶೆಯು ಎಲ್ಲ ದೇಶಗಳ ಗೃಹಸ್ಥರಿಗೂ ಸಮಾನವಾದುದು. ಪೂರ್ಣ ಹಣವಿಲ್ಲದವನು ಕೊಳ್ಳುವ ಮನೆಯನ್ನೇ ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆದು, ಕಂತುಗಳಲ್ಲಿ ತೀರಿಸುವನು. ಇದಕ್ಕೆ ಬೇಕಾದ ಯೋಗ್ಯತೆ ಯಾವುದು? ಸಂಪಾದನೆ, ಮಿತವ್ಯಯ, ಕೊಟ್ಟ ಮಾತಿನಲ್ಲಿ ನಿಷ್ಠೆ ಎಂದು ನಾವು ಹೇಳುವೆವು. ಅಮೆರಿಕದ ಚಿಕಾಗೋ ನಗರದಲ್ಲಾದರೋ, ಈ ಮೂರೂ ಇದ್ದವರಿಗೆ ಮೈಬಣ್ಣದ ದೆಸೆಯಿಂದ ಸಾಲವು ದೊರೆಯದೆ ಹೋಯಿತು.

1933ರಲ್ಲಿ ಆ ದೇಶದ ಸರ್ಕಾರವು ಗೃಹಸಾಲದ ಸಂಸ್ಥೆಯೊಂದನ್ನು ಸ್ಥಾಪಿಸಿತು. ಅದು ನಗರಗಳ ನಕ್ಷೆಗಳನ್ನು ಬರೆಯಿಸಿ, ಬಡಾವಣೆಗಳನ್ನು ಹಸುರು, ನೀಲಿ, ಹಳದಿ, ಕೆಂಪು ಎಂದು ವಿಂಗಡಿಸಿತು. ಕೆಂಪೆಂದರೆ ಅಪಾಯಕರವೆಂದರ್ಥ. ಕೃಷ್ಣವರ್ಣೀಯರು ವಾಸಿಸುವ ಬಡಾವಣೆಗಳು ಪ್ರಾಯಶಃ ಕೆಂಪಿಗೇ ಸೇರಿದವು. 1934ರಲ್ಲಿ ಹುಟ್ಟಿದ ಮತ್ತೊಂದು ಇಲಾಖೆಯು ಬ್ಯಾಂಕುಗಳು ಕೊಡುವ ಗೃಹಸಾಲಕ್ಕೆ ವಿಮೆಯ ರಕ್ಷಣೆ ನೀಡಿತು. ಆದರೆ ಅಂತಹ ಬಡಾವಣೆಗಳಿಗೆ ಆ ರಕ್ಷಣೆಯು ಸಾಮಾನ್ಯವಾಗಿ ಸಲ್ಲಲಿಲ್ಲ.

ಬ್ಯಾಂಕಿನ ಬಾಗಿಲು ಮುಚ್ಚಿದುದರಿಂದ ಜನರು ಲಾಭಕೋರರ ಕೈಗೆ ಸಿಕ್ಕಿದರು. ಇವರ ಕರಾರಿನಂತೆ ಕೊನೆಯ ಕಂತು ಸಲ್ಲುವವರೆಗೆ ಮನೆಯ ಒಡೆತನವು ಮಾರುವವನದೇ. ಒಂದು ಕಂತು ತಪ್ಪಿದರೂ ಮನೆಯೂ ಕೊಟ್ಟ ಹಣವೂ ಹೋಗಬಹುದಾಗಿತ್ತು. ನಾರ್ತ್ ಲಾನ್‌ಡೇಲ್ ಬಡಾವಣೆಯಲ್ಲಿ ಕ್ಲೈಡ್ ರಾಸ್ ಎಂಬ ಗೃಹಸ್ಥರು 1961ರಲ್ಲಿ 27,500 ಡಾಲರಿಗೆ ಮನೆ ಕೊಂಡರು. ಮಾರಿದವನು ಆರೇ ತಿಂಗಳ ಹಿಂದೆ ಅದನ್ನು ಕೊಂಡುದು 12,000 ಡಾಲರಿಗೆ! 1968ರಲ್ಲಿ ಇಂತಹ ನೊಂದವರು ಸಂಘ ಕಟ್ಟಿ, ಕಂತು ಕೊಡುವುದನ್ನು ನಿಲ್ಲಿಸಿ ಹೋರಾಡಿದರು. ಅನೇಕರ ಕರಾರುಗಳು ತಿದ್ದಲ್ಪಟ್ಟವು. ಅದೇ ವರ್ಷ ಮನೆಗಳ ವಿಷಯದಲ್ಲಿ ವರ್ಣಭೇದವನ್ನು ನಿಷೇಧಿಸುವ ಶಾಸನವೂ ಆಯಿತು.

ಆದರೆ ಗುಪ್ತವಾಗಿ ನಡೆಯುವ ಭೇದವನ್ನು ತೋರಿಸಿಕೊಡುವುದು ಹೇಗೆ? ಇದಕ್ಕೆ ದಾರಿ ಹುಡುಕಿದವರಲ್ಲಿ ಮುಖ್ಯರು ಚಿಕಾಗೋದ ಗೇಲ್ ಸಿಂಕೋಟಾ, ಆರು ಮಕ್ಕಳ ತಾಯಿ. ಅವರೂ ಅವರ ಸಂಗಡಿಗರೂ ಪಟ್ಟ ಶ್ರಮದಿಂದ, ಯಾವ ಬಡಾವಣೆಗೆ ಎಷ್ಟು ಗೃಹಸಾಲ ಕೊಡಲಾಯಿತೆಂಬುದನ್ನು ಬ್ಯಾಂಕುಗಳು ಬಹಿರಂಗಪಡಿಸಬೇಕೆಂಬ ಶಾಸನವು 1975ರಲ್ಲಿ ಅಂಗೀಕೃತವಾಯಿತು. ಈ ಲೆಕ್ಕಗಳನ್ನೇ ಪರಿಶೀಲಿಸಿ ಅಲ್ಲಿನ ಪತ್ರಕರ್ತರು 2020ರಲ್ಲಿ ಪ್ರಕಟಿಸಿದ ವರದಿಯಂತೆ, 2012ರಿಂದ 2018ರವರೆಗೆ ಚಿಕಾಗೋದಲ್ಲಿ ಮನೆಕೊಳ್ಳಲು ಕೊಟ್ಟ ಸಾಲದಲ್ಲಿ ನೂರಕ್ಕೆ 68ರಷ್ಟು ಶ್ವೇತವರ್ಣೀಯರು ಅಧಿಕವಾಗಿರುವ ಬಡಾವಣೆಗಳಿಗೂ, ಸುಮಾರು 8ರಷ್ಟು ಮಾತ್ರ ಕೃಷ್ಣವರ್ಣೀಯರು ಅಧಿಕವಾಗಿರುವ ಬಡಾವಣೆಗಳಿಗೂ ಸಂದಿತು.

ಮನೆಗಳ ಬೆಲೆಯಲ್ಲಿಯೂ ಜನರ ವರಮಾನದಲ್ಲಿಯೂ ವ್ಯತ್ಯಾಸವುಂಟೆಂದು ಕೆಲವರು ಸಮಾಧಾನ ಹೇಳಬಹುದು. ಆದರೆ ತಂದೆಗೆ ಸಾಲ ನಿರಾಕರಿಸಿದರೆ ಮಗನಿಗೆ ಪಿತ್ರಾರ್ಜಿತವೆಲ್ಲಿಯದು? ಆ ವ್ಯತ್ಯಾಸದಲ್ಲಿ ಬಹುಪಾಲು ಹಿಂದಿನ ಅನ್ಯಾಯದ ಫಲವೇ ಆಗಿದೆ. ಬಣ್ಣದ ನಕ್ಷೆಗಳು ಇಂದು ಕಪಾಟು ಸೇರಿದ್ದರೂ, ಅವುಗಳ ಋಣವನ್ನು ಮೊಮ್ಮಕ್ಕಳು ಇನ್ನೂ ತೀರಿಸುತ್ತಿರುವರು.