ಕಾಫಿಯ ಕಣದಲ್ಲಿ ಭೌತವಿಜ್ಞಾನ

ಮಗ್ಗೆಯ ಕಡೆಯಿಂದ ಬಂದು ಬಿ.ಎಸ್ಸಿ. ಓದುತ್ತಿದ್ದ ಹುಡುಗನೊಬ್ಬ ಭೌತವಿಜ್ಞಾನದ ತರಗತಿಯಲ್ಲಿ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ದಡ್ಡನೆಂದೇ ಎಲ್ಲರೂ ಎಣಿಸಿದ್ದರು. ಕನ್ನಡದ ಅಧ್ಯಾಪಕನಾದ ನಾನೂ ಹಾಗೆಯೇ ಎಣಿಸಿದ್ದೆನೆಂದು ಒಪ್ಪಿಕೊಳ್ಳಬೇಕು. ಒಂದು ದಿನ ಅವನ ಉಪಾಧ್ಯಾಯರು ಕನ್ನಡದಲ್ಲಿ ಕೇಳಿದರು: “ಕಣದಲ್ಲಿ ಕಾಫಿಯನ್ನು ತೆಳುವಾಗಿ ಹರಡುವುದೇಕಪ್ಪ?” ಹುಡುಗ ಎದ್ದು ನಿಂತು ಬಿಸಿಲು, ಗಾಳಿ, ಹರವು ಮೂರನ್ನೂ ಬಿಡಿಸಿ ಹೇಳಿದ. ಆವಿಯಾಗುವಿಕೆಯ ಪಾಠ ಅವನಿಂದಲೇ ಆಯಿತು. ಇಂಗ್ಲಿಷ್ ಪರಿಭಾಷೆಯನ್ನು ಉಪಾಧ್ಯಾಯರು ಆಮೇಲೆ ಬರೆಸಿದರು.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವನಿಗೆ ಕಾಲೇಜಿನಲ್ಲಿ ಎರಡು ಹೊರೆ: ವಿಷಯವೊಂದು, ಭಾಷೆಯೊಂದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಗೆ ಹೆಗಲು ಕೊಟ್ಟಿದ್ದರು.

ನಮ್ಮ ಹುಡುಗ ಈಗ ಉತ್ತರವನ್ನು ಮೊದಲು ಕನ್ನಡದಲ್ಲಿ ಬರೆದು, ಬಳಿಕ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಾನೆ.