ಅಕ್ವೇರಿಯಂನಲ್ಲಿ ಬಸವನಹುಳುಗಳ ಹಾವಳಿ: ಕಾರಣ ಮತ್ತು ನಿಯಂತ್ರಣ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಅಲಂಕಾರಿಕ ಮೀನುಗಳನ್ನು ಸಾಕುವ ಹವ್ಯಾಸವು ಮುಂಬಯಿ ಮಹಾನಗರ ಹಾಗೂ ಅದರ ಉಪನಗರಗಳಲ್ಲಿ ಬಹುಕಾಲದಿಂದ ಬೇರೂರಿದೆ. 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ಆರಂಭಗೊಂಡ ತಾರಾಪೋರ್‌ವಾಲಾ ಮತ್ಸ್ಯಾಲಯವು ಗಾಜಿನ ಹಿಂದಿನ ಜಲಜೀವನವನ್ನು ನಗರದ ಹಲವು ತಲೆಮಾರುಗಳಿಗೆ ಪರಿಚಯಿಸಿತು. ನಾಯಿ, ಬೆಕ್ಕುಗಳನ್ನು ಸಾಕಲು ಸ್ಥಳವಿಲ್ಲದ ಒಂದೆರಡು ಕೋಣೆಗಳ ಮನೆಯಲ್ಲಿಯೂ ಎರಡು ಅಡಿ ಉದ್ದದ ತೊಟ್ಟಿಗೆ ಜಾಗ ದೊರೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಗಿಡಗಳಿಗೆ ಬದಲಾಗಿ ಜೀವಂತ ಜಲಸಸ್ಯಗಳನ್ನು ನೆಟ್ಟು ಬೆಳೆಸುವವರ ಸಂಖ್ಯೆಯೂ ಹೆಚ್ಚಿದೆ.

ಹೀಗೆ ಗಿಡ ನೆಟ್ಟವರೆಲ್ಲರೂ ಒಂದಿಲ್ಲೊಂದು ದಿನ ಎದುರಿಸಬೇಕಾದ ಸಮಸ್ಯೆಯೆಂದರೆ ಬಸವನಹುಳುಗಳದು. ಮೊದಲು ಗಾಜಿನ ಮೇಲೆ ಒಂದೆರಡು ಸಣ್ಣ ಚಿಪ್ಪುಗಳು ಕಾಣಿಸಿಕೊಳ್ಳುತ್ತವೆ. ಕೆಲವೇ ವಾರಗಳಲ್ಲಿ ಎಲೆ, ಕಲ್ಲು, ಫಿಲ್ಟರ್ ಎಲ್ಲವನ್ನೂ ಅವು ಆವರಿಸುತ್ತವೆ. ಆಗ ಬೇಸರಗೊಂಡವರು ಅಂಗಡಿಯಿಂದ ಔಷಧವನ್ನು ತಂದು ತೊಟ್ಟಿಗೆ ಸುರಿಯುವುದುಂಟು. ಇದರಿಂದ ಹುಳುಗಳೊಡನೆ ಮೀನುಗಳೂ ಸಾಯುವ ಸಂಭವವಿದೆ. ಬಸವನಹುಳುಗಳ ಸಂಖ್ಯೆಯು ತೊಟ್ಟಿಯಲ್ಲಿ ಮಿಗುವ ಆಹಾರದ ಅಳತೆಗೋಲು ಎಂಬುದನ್ನು ಅರಿತುಕೊಂಡಲ್ಲಿ, ವಿಷದ ಅಗತ್ಯವಿಲ್ಲದೆಯೇ ಅವುಗಳನ್ನು ಹತೋಟಿಯಲ್ಲಿಡಬಹುದು.

ಇವು ಎಲ್ಲಿಂದ ಬರುತ್ತವೆ?

ಬಸವನಹುಳುಗಳು ನಲ್ಲಿಯ ನೀರಿನಿಂದ ಬರುತ್ತವೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಬಹುಮಟ್ಟಿಗೆ ಇವು ಹೊಸ ಗಿಡಗಳೊಡನೆ ಬರುತ್ತವೆ. ಕ್ರಾಫರ್ಡ್ ಮಾರ್ಕೆಟ್ ಪರಿಸರದ ಅಥವಾ ಕುರ್ಲಾದ ಅಂಗಡಿಯಿಂದ ತಂದ ವ್ಯಾಲಿಸ್ನೇರಿಯಾ ಇಲ್ಲವೇ ಹೈಡ್ರಿಲ್ಲಾ ಗಿಡದ ಎಲೆಯ ಅಡಿಭಾಗವನ್ನು ಬೆಳಕಿಗೆ ಹಿಡಿದು ನೋಡಿದರೆ, ಪಾರದರ್ಶಕವಾದ ಲೋಳೆಯ ಸಣ್ಣ ಗಂಟೊಂದು ಅಂಟಿಕೊಂಡಿರುವುದು ಕಾಣಸಿಗಬಹುದು. ಅದರೊಳಗೆ ಸೂಜಿಮೊನೆಯಷ್ಟು ಗಾತ್ರದ ಹಲವಾರು ಮೊಟ್ಟೆಗಳಿರುತ್ತವೆ. ಮೀನು ತಂದ ಚೀಲದ ನೀರು ಮತ್ತು ಬೇರೊಂದು ತೊಟ್ಟಿಯಲ್ಲಿ ಬಳಸಿದ ಬಲೆ, ಕಲ್ಲು, ಫಿಲ್ಟರ್‌ಗಳೂ ಇವುಗಳನ್ನು ಸಾಗಿಸುತ್ತವೆ.

ಮುಖ್ಯ ಬಗೆಗಳು

ನಿಯಂತ್ರಣಕ್ಕೆ ತೊಡಗುವ ಮುನ್ನ ತೊಟ್ಟಿಯಲ್ಲಿರುವ ಬಗೆ ಯಾವುದೆಂದು ತಿಳಿಯುವುದು ಅವಶ್ಯಕ.

ಮೊದಲನೆಯದು ಫೈಸೆಲ್ಲಾ ಅಕ್ಯೂಟಾ. ತೆಳುವಾದ, ಕಂದು ಬಣ್ಣದ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಚಿಪ್ಪು ಇದರದು. ಚಿಪ್ಪಿನ ತುದಿಯನ್ನು ಮೇಲೆ ಮಾಡಿ, ಬಾಯಿ ನಮ್ಮ ಕಡೆಗಿರುವಂತೆ ಹಿಡಿದರೆ, ಆ ಬಾಯಿ ಎಡಕ್ಕೆ ಕಾಣುತ್ತದೆ. ಇದೇ ಇದರ ಗುರುತು. ಉತ್ತರ ಅಮೆರಿಕ ಮೂಲದ ಈ ಹುಳು ಇಂದು ಪ್ರಪಂಚದ ಬಹುಭಾಗಕ್ಕೆ ಹರಡಿದೆ. ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಮತ್ತು ಹೆಣ್ಣು ಎರಡೂ ಅಂಗಗಳಿರುವುದರಿಂದ ಹಾಗೂ ಸ್ವಯಂ ಗರ್ಭಧಾರಣೆಯ ಸಾಮರ್ಥ್ಯವಿರುವುದರಿಂದ, ಒಂದೇ ಒಂದು ಹುಳು ಇಡೀ ತೊಟ್ಟಿಯನ್ನು ತುಂಬಬಲ್ಲದು.

ಎರಡನೆಯದು ಟಗರಿನ ಕೊಂಬಿನಂತೆ ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪಿನ ಬಗೆ. ನಮ್ಮ ದೇಶದ ಕೆರೆಕುಂಟೆಗಳಲ್ಲಿ ಸಹಜವಾಗಿ ವಾಸಿಸುವ ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್ ಈ ಗುಂಪಿಗೆ ಸೇರಿದೆ.

ಮೂರನೆಯದು ಮೆಲನಾಯ್ಡಿಸ್ ಟ್ಯೂಬರ್ಕ್ಯುಲಾಟಾ. ಉದ್ದವಾದ, ಮೊನಚಾದ ಶಂಕುವಿನ ಆಕಾರದ ಈ ಹುಳು ಹಗಲಿನಲ್ಲಿ ಮರಳಿನೊಳಗೆ ಅಡಗಿದ್ದು ರಾತ್ರಿ ಹೊರಬರುತ್ತದೆ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಗಂಡಿನ ನೆರವಿಲ್ಲದೆಯೂ ಹೆಣ್ಣು ಸಂತಾನವನ್ನು ಪಡೆಯುತ್ತದೆ.

ನಾಲ್ಕನೆಯದು ಲಿಮ್ನಿಯಾ ಗುಂಪಿನ ಕೊಳದ ಬಸವನಹುಳು. ಇದರ ಚಿಪ್ಪಿನ ಬಾಯಿ ಬಲಕ್ಕಿರುತ್ತದೆ ಮತ್ತು ಮೀಸೆಗಳು ಅಗಲವಾಗಿ ತ್ರಿಕೋನಾಕಾರದಲ್ಲಿರುತ್ತವೆ. ಮೇಲೆ ಹೇಳಿದ ನಾಲ್ಕರಲ್ಲಿ ಎಳೆಯ ಎಲೆಗಳನ್ನು ತಿಂದು ಗಿಡಗಳಿಗೆ ಹೆಚ್ಚಿನ ಹಾನಿಯನ್ನುಂಟುಮಾಡುವುದು ಇದೇ. ಉಳಿದ ಮೂರು ಬಗೆಗಳು ಸಾಮಾನ್ಯವಾಗಿ ಪಾಚಿ, ಕೊಳೆತ ಎಲೆ ಮತ್ತು ಮಿಕ್ಕ ಆಹಾರವನ್ನು ಸೇವಿಸುತ್ತವೆ. ಮಿತವಾದ ಸಂಖ್ಯೆಯಲ್ಲಿದ್ದರೆ ಅವು ತೊಟ್ಟಿಯ ಶುಚಿತ್ವಕ್ಕೆ ಸಹಾಯಕವೇ ಹೌದು. ಎಲೆಯಲ್ಲಿ ತೂತು ಕಂಡೊಡನೆ ಹುಳುವನ್ನು ದೂಷಿಸಲಾಗದು. ಪೋಷಕಾಂಶಗಳ ಕೊರತೆಯಿಂದ ಎಲೆ ಮೊದಲೇ ಕೊಳೆಯತೊಡಗಿರಲೂಬಹುದು.

ಸಂಖ್ಯೆ ಏಕೆ ಏರುತ್ತದೆ?

60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ ಹಾಗೂ 30 ಸೆಂಟಿಮೀಟರ್ ಎತ್ತರದ ತೊಟ್ಟಿಯಲ್ಲಿ ತುಂಬ ನೀರು ಹಾಕಿದರೂ 54 ಲೀಟರ್ ಮಾತ್ರ ಹಿಡಿಸುತ್ತದೆ. ಇಷ್ಟು ಕಡಿಮೆ ನೀರಿನಲ್ಲಿರುವ ಹತ್ತಾರು ಸಣ್ಣ ಮೀನುಗಳಿಗೆ ಬೇಕಾಗುವ ಆಹಾರ ಅತ್ಯಲ್ಪ. ಆದರೆ ಮನೆಯ ಮಕ್ಕಳು, ಹಿರಿಯರು, ಅತಿಥಿಗಳು ಎಲ್ಲರೂ ಒಂದೊಂದು ಚಿಟಿಕೆ ಹಾಕುತ್ತಾರೆ. ಮೀನು ತಿನ್ನದೆ ಬಿಟ್ಟದ್ದು ತಳ ಸೇರಿ ಹುಳುಗಳಿಗೆ ಊಟವಾಗುತ್ತದೆ. ಮುಂಬಯಿಯ ವಾತಾವರಣವು ವರ್ಷದ ಬಹುಭಾಗ ಬೆಚ್ಚಗಿರುವುದರಿಂದ ಮೊಟ್ಟೆಗಳು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಒಡೆದು ಮರಿಗಳು ಬೇಗನೆ ಬೆಳೆಯುತ್ತವೆ. ಅಂದರೆ ಹುಳುಗಳ ಹೆಚ್ಚಳವು ರೋಗವಲ್ಲ, ರೋಗದ ಲಕ್ಷಣ. ಅದೇ ಹೆಚ್ಚುವರಿ ಆಹಾರವು ಕೊಳೆತು ಅಮೋನಿಯಾ ಆಗಿ ಮೀನುಗಳ ಕಿವಿರುಗಳನ್ನು ಬಾಧಿಸುತ್ತದೆ. ಹುಳುಗಳ ಗುಂಪು ನೀಡುವ ಈ ಮುನ್ಸೂಚನೆಯನ್ನು ಕಡೆಗಣಿಸಕೂಡದು.

ವಿಷ ಪ್ರಯೋಗದ ಅಪಾಯ

ಬಸವನಹುಳುಗಳನ್ನು ಕೊಲ್ಲಲೆಂದು ಮಾರಾಟವಾಗುವ ಅನೇಕ ಔಷಧಗಳಲ್ಲಿ ತಾಮ್ರದ ಲವಣವಿರುತ್ತದೆ. ಮೈಲುತುತ್ತವೂ ತಾಮ್ರದ ಲವಣವೇ. ತಾಮ್ರವು ಹುಳುಗಳಿಗೆ ಮಾರಕವಾದಂತೆಯೇ ಸಿಗಡಿಗಳಿಗೂ ಮಾರಕ. ಪ್ರಮಾಣ ಮೀರಿದರೆ ಮೀನು ಮತ್ತು ಗಿಡಗಳಿಗೂ ಅಪಾಯಕಾರಿ. ನೀರು ಮೃದುವಾದಷ್ಟೂ, ಅಂದರೆ ಅದರಲ್ಲಿ ಸುಣ್ಣದಂಶ ಕಡಿಮೆಯಿದ್ದಷ್ಟೂ, ತಾಮ್ರದ ವಿಷ ಪರಿಣಾಮ ಹೆಚ್ಚುತ್ತದೆ. ಮುಂಬಯಿಗೆ ತುಳಸಿ, ವಿಹಾರ, ತಾನಸಾ, ಮೋಡಕ್ ಸಾಗರ, ಭಾತ್ಸಾ, ಊರ್ಧ್ವ ವೈತರಣಾ ಮತ್ತು ಮಧ್ಯ ವೈತರಣಾ ಜಲಾಶಯಗಳಿಂದ ಪೂರೈಕೆಯಾಗುವುದು ಮಳೆಗಾಲದಲ್ಲಿ ಸಂಗ್ರಹವಾದ ನೀರು. ಇದು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೃದುವಾಗಿರುತ್ತದೆ. ಆದುದರಿಂದ ಗಡಸು ನೀರಿನ ಊರಿನಲ್ಲಿ ಮೀನುಗಳು ತಾಳಿಕೊಂಡ ಪ್ರಮಾಣವು ಇಲ್ಲಿ ಅವುಗಳ ಪ್ರಾಣಕ್ಕೇ ಎರವಾಗಬಹುದು.

ಇನ್ನೊಂದು ಅಪಾಯವೂ ಇದೆ. ನೂರಾರು ಹುಳುಗಳು ಒಮ್ಮೆಗೇ ಸತ್ತು ಚಿಪ್ಪುಗಳೊಳಗೆ ಕೊಳೆತರೆ ನೀರಿನಲ್ಲಿ ಅಮೋನಿಯಾ ಹಠಾತ್ತನೆ ಏರಿ ಆಮ್ಲಜನಕ ಕುಸಿಯುತ್ತದೆ. ಔಷಧವನ್ನು ತಾಳಿಕೊಂಡ ಮೀನೂ ಇದರಿಂದ ಸಾಯಬಹುದು. ಮೇಲಾಗಿ ಲೋಳೆಯೊಳಗಿನ ಕೆಲವು ಮೊಟ್ಟೆಗಳು ಉಳಿದುಕೊಂಡರೆ, ತಿಂಗಳೊಪ್ಪತ್ತಿನಲ್ಲಿ ಸಮಸ್ಯೆ ಮೊದಲಿನಂತೆಯೇ ಮರಳುತ್ತದೆ.

ಅನುಸರಿಸಬೇಕಾದ ಕ್ರಮ

ಮೊದಲ ಹೆಜ್ಜೆ ಆಹಾರದ ನಿಯಂತ್ರಣ. ದಿನಕ್ಕೊಮ್ಮೆ, ಸುಮಾರು ಎರಡು ನಿಮಿಷಗಳಲ್ಲಿ ಮೀನುಗಳು ತಿಂದು ಮುಗಿಸುವಷ್ಟನ್ನೇ ಹಾಕತಕ್ಕದ್ದು. ಬೆಳೆದ ಆರೋಗ್ಯವಂತ ಮೀನುಗಳಿಗೆ ವಾರಕ್ಕೊಂದು ದಿನ ಉಪವಾಸವಿದ್ದರೆ ತೊಂದರೆಯಿಲ್ಲ. ಆಹಾರ ಹಾಕುವ ಹೊಣೆಯನ್ನು ಮನೆಯ ಒಬ್ಬರಿಗೇ ವಹಿಸುವುದು ಒಳ್ಳೆಯದು.

ಎರಡನೆಯ ಹೆಜ್ಜೆ ಶುಚಿತ್ವ. ವಾರಕ್ಕೊಮ್ಮೆ ರಬ್ಬರ್ ನಳಿಕೆಯಿಂದ ತಳದ ಕಸವನ್ನು ಎಳೆದು, ಕಾಲು ಭಾಗದಷ್ಟು ನೀರನ್ನು ಬದಲಾಯಿಸಬೇಕು. ಮೇಲೆ ಹೇಳಿದ ಅಳತೆಯ ತೊಟ್ಟಿಗೆ ಇದು ಸುಮಾರು ಒಂದು ಬಕೆಟ್ ನೀರು. ನಲ್ಲಿಯ ನೀರಿನ ಕ್ಲೋರಿನ್ ಹೋಗುವಂತೆ ಅದನ್ನು ಒಂದು ದಿನ ಇಟ್ಟು ಬಳಸಬೇಕು. ಹಳದಿಯಾದ ಎಲೆಗಳನ್ನು ಕತ್ತರಿಸಿ ತೆಗೆಯಬೇಕು. ದೀಪವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಉರಿಸಿದರೆ ಪಾಚಿ ಹೆಚ್ಚಿ ಹುಳುಗಳಿಗೆ ಮತ್ತಷ್ಟು ಆಹಾರ ಒದಗುತ್ತದೆ.

ಮೂರನೆಯದು ಕೈಯಿಂದ ತೆಗೆಯುವುದು. ರಾತ್ರಿ ದೀಪ ಆರಿಸುವ ಮೊದಲು, ಬೇಯಿಸಿ ಮೆತ್ತಗಾಗಿಸಿದ ಸೌತೆಕಾಯಿ ಹೋಳನ್ನು ಇಲ್ಲವೇ ಎಲೆಕೋಸಿನ ಎಲೆಯನ್ನು ಸಣ್ಣ ತಟ್ಟೆಯಲ್ಲಿಟ್ಟು ತಳಕ್ಕೆ ಇಳಿಬಿಡಬೇಕು. ಬೆಳಿಗ್ಗೆ ಅದರ ಮೇಲೆ ಹುಳುಗಳು ಮುತ್ತಿಕೊಂಡಿರುತ್ತವೆ. ತಟ್ಟೆಯನ್ನು ನಿಧಾನವಾಗಿ ಮೇಲೆತ್ತಿದರೆ ಬಹಳಷ್ಟು ಹುಳುಗಳು ಒಟ್ಟಿಗೆ ದೊರೆಯುತ್ತವೆ. ಗಾಜಿನ ಮೇಲಿನ ಮೊಟ್ಟೆಯ ಗಂಟುಗಳನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಬಹುದು. ಈ ಕ್ರಮವನ್ನು ಒಂದೆರಡು ತಿಂಗಳು ಬಿಡದೆ ಅನುಸರಿಸಿದರೆ ಸಂಖ್ಯೆಯು ಇಳಿಯುವುದು ಕಂಡುಬರುತ್ತದೆ. ಜೀವಹಿಂಸೆಗೆ ಹಿಂಜರಿಯುವ ಮನೆಗಳಿಗೆ ಆಹಾರ ನಿಯಂತ್ರಣವೇ ಉತ್ತಮ ಮಾರ್ಗ; ಆಹಾರ ಕಡಿಮೆಯಾದೊಡನೆ ಹುಳುಗಳು ಇಡುವ ಮೊಟ್ಟೆಗಳೂ ಕಡಿಮೆಯಾಗುತ್ತವೆ.

ಬಸವನಹುಳು ತಿನ್ನುವ ಮೀನುಗಳು

ಬೋಟಿಯಾ ಜಾತಿಯ ಮೀನುಗಳು ಬಸವನಹುಳುಗಳನ್ನು ತಿನ್ನುತ್ತವೆಂಬುದು ನಿಜ. ಆದರೆ ಇವು ಗುಂಪಿನಲ್ಲಿ ಬಾಳುವ ಮೀನುಗಳು. ಅಂಗಡಿಯಲ್ಲಿ ಬೆರಳುದ್ದ ಕಾಣುವ, ಬೋರ್ನಿಯೋ ಹಾಗೂ ಸುಮಾತ್ರಾ ಮೂಲದ ಕ್ಲೌನ್ ಲೋಚ್ 30 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. 54 ಲೀಟರಿನ ತೊಟ್ಟಿ ಇಂತಹ ಮೀನಿಗೆ ಸೆರೆಮನೆಯಾದೀತು. ಪಟ್ಟೆಗಳಿರುವ ಬೋಟಿಯಾ ಸ್ಟ್ರಯಾಟಾ ಮಹಾರಾಷ್ಟ್ರ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳ ಮೀನು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಭೇದವೆಂದು ದಾಖಲಾಗಿದೆ. ಹುಳುಗಳನ್ನು ಚುರುಕಾಗಿ ಬೇಟೆಯಾಡುವ ಗಿಡ್ಡ ಪಫರ್ ಮೀನು ಕೂಡ ಪಶ್ಚಿಮ ಘಟ್ಟದ್ದೇ. ಇತರ ಮೀನುಗಳ ರೆಕ್ಕೆಗಳನ್ನು ಕಚ್ಚುವ ಸ್ವಭಾವ ಅದಕ್ಕಿದೆ. ಅತಿಯಾಗಿ ಹಾಕಿದ ಆಹಾರದಿಂದ ಹುಟ್ಟಿದ ಸಮಸ್ಯೆಗಾಗಿ, ಘಟ್ಟದ ಹೊಳೆಗಳಲ್ಲಿ ವಿರಳವಾಗುತ್ತಿರುವ ಮೀನನ್ನು ಹಿಡಿದು ತರಿಸುವುದು ವಿವೇಕವೆನಿಸದು.

ಹೊಸ ಗಿಡ ತರುವಾಗ ಎಚ್ಚರ

ಹೊಸ ಗಿಡವನ್ನು ನೇರವಾಗಿ ತೊಟ್ಟಿಗೆ ಹಾಕದೆ, ಮೊದಲು ಹರಿಯುವ ನೀರಿನಲ್ಲಿ ತೊಳೆದು, ಎಲೆಯ ಎರಡೂ ಬದಿಗಳನ್ನು ಬೆರಳಿನಿಂದ ಸವರಿ ಮೊಟ್ಟೆಗಳನ್ನು ತೆಗೆಯಬೇಕು. ಬಳಿಕ ಅದನ್ನು ಬೆಳಕು ಬೀಳುವ ಕಡೆ ಪ್ರತ್ಯೇಕ ಪಾತ್ರೆಯಲ್ಲಿ ನಾಲ್ಕು ವಾರಗಳ ಕಾಲ ಇಡಬೇಕು. ಈ ಅವಧಿಯಲ್ಲಿ ಉಳಿದ ಮೊಟ್ಟೆಗಳು ಒಡೆದು ಮರಿಗಳು ಕಣ್ಣಿಗೆ ಬೀಳುತ್ತವೆ. ಅವನ್ನು ಹೆಕ್ಕಿ ತೆಗೆಯಬಹುದು.

ಇಲ್ಲಿ ಮುಂಬಯಿಯ ನಾಗರಿಕರು ಗಮನಿಸಬೇಕಾದ ಮಹತ್ವದ ಅಂಶವೊಂದಿದೆ. ಬಾಲ್ಕನಿಯಲ್ಲಿ ನಿಂತ ನೀರಿನ ಪಾತ್ರೆಯು ಡೆಂಗ್ಯೂ ಹರಡುವ ಈಡಿಸ್ ಹಾಗೂ ನಗರ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗಳ ಉತ್ಪತ್ತಿ ಸ್ಥಾನವಾಗಬಲ್ಲದು. ಆದ್ದರಿಂದ ಗಿಡವಿಟ್ಟ ಪಾತ್ರೆಯನ್ನೂ, ಕ್ಲೋರಿನ್ ಹೋಗಲೆಂದು ನೀರು ತುಂಬಿಟ್ಟ ಬಕೆಟನ್ನೂ ಸಣ್ಣ ಕಣ್ಣಿನ ಬಲೆಯಿಂದ ಬಿಗಿಯಾಗಿ ಮುಚ್ಚತಕ್ಕದ್ದು. ಗಿಡದ ಪಾತ್ರೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಪೂರ್ತಿಯಾಗಿ ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಬೇಕು.

ಕೆರೆಕುಂಟೆಗಳಿಂದ ಕಿತ್ತು ತಂದ ಗಿಡಗಳನ್ನು ಬಳಸದಿರುವುದು ಕ್ಷೇಮ. ಇಂಡೊಪ್ಲಾನಾರ್ಬಿಸ್ ಹುಳುವು ದನಕರುಗಳಿಗೆ ರೋಗ ತರುವ ಪರೋಪಜೀವಿಗಳಿಗೆ ಆಸರೆಯಾಗುತ್ತದೆ. ಅವುಗಳ ಮರಿಗಳು ಮನುಷ್ಯರ ಚರ್ಮದಲ್ಲಿಯೂ ತುರಿಕೆಯನ್ನುಂಟುಮಾಡುತ್ತವೆ. ತೊಟ್ಟಿಯ ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು.

ಕೆರೆಗೆ ಬಿಡಕೂಡದು

ತೆಗೆದ ಹುಳುಗಳನ್ನೂ ಹೆಚ್ಚಾದ ಗಿಡಗಳನ್ನೂ ಕೆರೆಗೋ ಮೋರಿಗೋ ಎಸೆಯುವುದು ತಪ್ಪು. ಪವಾಯಿ ಕೆರೆಯ ಹೆಚ್ಚುವರಿ ನೀರು ಮೀಠಿ ನದಿಯನ್ನು ಸೇರುತ್ತದೆ. ಒಂದೆಡೆ ಬಿಟ್ಟ ಜೀವಿ ಅಲ್ಲಿಯೇ ನಿಲ್ಲುವುದಿಲ್ಲ. ಪವಾಯಿ ಕೆರೆಯನ್ನು ಪದೇ ಪದೇ ಆವರಿಸುವ ನೀರು ಹಯಸಿಂತ್ ಕಳೆಯೂ ದಕ್ಷಿಣ ಅಮೆರಿಕದಿಂದ ಅಲಂಕಾರದ ಸಸ್ಯವಾಗಿಯೇ ನಮ್ಮ ದೇಶವನ್ನು ಪ್ರವೇಶಿಸಿತೆಂಬುದನ್ನು ಮರೆಯಲಾಗದು. ಅನ್ಯದೇಶೀಯ ಆಕ್ರಮಣಕಾರಿ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಪ್ರಸರಣವನ್ನು ನಿಯಂತ್ರಿಸುವ ಅಧಿಕಾರವನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯು ಕೇಂದ್ರ ಸರ್ಕಾರಕ್ಕೆ ನೀಡಿದೆ.

ತೆಗೆದ ಹುಳುಗಳನ್ನು ಕುದಿಯುವ ನೀರಿಗೆ ಹಾಕಿ, ತಣಿದ ಮೇಲೆ ಹಸಿ ಕಸದೊಡನೆ ವಿಲೇವಾರಿ ಮಾಡಬಹುದು. ಗಿಡಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರವಾಗಿ ಬಳಸಬಹುದು. ತೊಟ್ಟಿಯಿಂದ ತೆಗೆದ ನೀರನ್ನು ಬಾಲ್ಕನಿಯ ಹೂಕುಂಡಗಳಿಗೆ ಹಾಕಿದರೆ ಗಿಡಗಳಿಗೆ ಪೋಷಕಾಂಶವೂ ದೊರೆಯುತ್ತದೆ, ಮೊಟ್ಟೆಗಳು ಮೋರಿಯನ್ನು ಸೇರುವುದೂ ತಪ್ಪುತ್ತದೆ.

ಗಿಡಗಳಿರುವ ತೊಟ್ಟಿಯಲ್ಲಿ ಒಂದು ಹುಳುವೂ ಉಳಿಯದಂತೆ ಮಾಡುವುದು ಬಹಳ ಕಷ್ಟ. ಅದರ ಅವಶ್ಯಕತೆಯೂ ಇಲ್ಲ. ಹತ್ತಾರು ಹುಳುಗಳು ಪಾಚಿ ಮೇಯುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಅವು ಏಕಾಏಕಿ ನೂರಾರಾದರೆ ಔಷಧದ ಸೀಸೆಗೆ ಕೈ ಚಾಚುವ ಮೊದಲು ಆಹಾರದ ಡಬ್ಬಿಯತ್ತ ನೋಡಬೇಕು. ಅಲ್ಲಿ ಒಂದು ಚಿಟಿಕೆ ಉಳಿಸಿದರೆ ಮೀನುಗಳ ಆರೋಗ್ಯ, ಗಿಡಗಳ ಸೊಬಗು ಮತ್ತು ನಗರದ ಕೆರೆಗಳ ಹಿತ, ಈ ಮೂರನ್ನೂ ಕಾಪಾಡಿದಂತಾಗುತ್ತದೆ.