ಮುಚ್ಚಳದೊಳಗಿನ ಮಾತು: ಹಳೆಯ ಯೆಜ್ಡಿ ಮತ್ತು ಕುಷ್ಟಗಿಯ ಬಿಸಿಲು

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹದಕ್ಕೆ ಬಂದು, ಹೂಮಳೆಗಾಗಿ ಮುಗಿಲು ನೋಡುವ ದಿನಗಳಲ್ಲಿ ಬೆಳೆಗಾರರಿಗೆ ತುಸು ಬಿಡುವು ಸಿಗುತ್ತದೆ. ಆಗ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ನಿಂತ ಹಳೆಯ ಜಾವಾ ಅಥವಾ ಯೆಜ್ಡಿ ಕಣ್ಣಿಗೆ ಬೀಳುತ್ತದೆ. ಅದನ್ನು ಗುಜರಿಗೆ ಹಾಕುವುದೋ, ರಿಪೇರಿ ಮಾಡಿಸುವುದೋ ಎಂದು ಸಂಘದ ಕಚೇರಿಗೆ ಬಂದ ಸದಸ್ಯರು ನಮ್ಮನ್ನು ಕೇಳುವುದುಂಟು. ಕಳೆದ ಬೇಸಗೆಯಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ನಾವು ಕಲಿತ ಒಂದು ಪಾಠವೇ ಅವರಿಗೆ ಉತ್ತರವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಗಾಡಿಯ ಪೂರ್ವಕಥೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯದ ಜಾವಾ ಮೋಟಾರ್ ಸೈಕಲ್ಲುಗಳನ್ನು ಇಲ್ಲಿಯೇ ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಅವುಗಳ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ ಅದೇ ಹೆಸರುಗಳಲ್ಲಿ ಬಂದಿರುವ ಹೊಸ ಗಾಡಿಗಳು ನಾಲ್ಕು ಸ್ಟ್ರೋಕಿನವು. ಅವುಗಳ ಎಂಜಿನ್ ಭಾಗಗಳು ನಮ್ಮ ಎರಡು ಸ್ಟ್ರೋಕಿನ ಹಳೆಯ ಗಾಡಿಗೆ ಹೊಂದುವುದಿಲ್ಲ. ಆದುದರಿಂದ ಇದ್ದುದನ್ನು ಕಾಪಾಡಿಕೊಳ್ಳುವುದೊಂದೇ ದಾರಿ.

ಸಂಘದ ಮಳಿಗೆಗೆ ಅಕ್ಕಿ ವಿಚಾರಿಸಲು ಗಂಗಾವತಿಗೆ, ದಾಳಿಂಬೆಯ ಹನಿ ನೀರಾವರಿ ನೋಡಲು ಕುಷ್ಟಗಿಗೆ ಹೋಗಬೇಕಾಗಿತ್ತು. ಯೆಜ್ಡಿಯಲ್ಲೇ ಹೋಗುವುದೆಂದು ಹಟ ಹಿಡಿದೆವು. ಹೊರಡುವ ಮುನ್ನ ಎರಡು ದಿನ ಕೂತು ಟ್ಯಾಂಕನ್ನೂ ಸೈಲೆನ್ಸರುಗಳನ್ನೂ ಕನ್ನಡಿಯಂತೆ ಉಜ್ಜಿದೆವು. ಗಂಗಾವತಿಯ ಅಕ್ಕಿ ಮಿಲ್ಲಿನೆದುರು ಒಬ್ಬ ಹುಡುಗ, "ಎರಡು ಸೈಲೆನ್ಸರ್ ಅದಾವಲ್ರೀ, ಹಾರ್ಲೆ ಗತೆ ಎರಡು ಸಿಲಿಂಡರ್ ಐತೇನ್ರೀ?" ಎಂದು ಕೇಳಿದ. ಹಾರ್ಲೆ ಡೇವಿಡ್ಸನ್ನಿನಲ್ಲಿ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ, ಇಂಗ್ಲಿಷಿನ ವಿ ಅಕ್ಷರದಂತೆ ಕೂತಿರುತ್ತವೆ. ಮುಂದಿನದರ ಮರೆಯಲ್ಲಿ ಗಾಳಿ ಕಡಿಮೆಯಾಗಿ ಹಿಂದಿನದು ಹೆಚ್ಚು ಕಾಯುತ್ತದೆ. ನಮ್ಮದು ಒಂದೇ ಸಿಲಿಂಡರು, 248.5 ಸಿ.ಸಿ.; ಹೊಗೆ ಹೋಗುವ ದಾರಿ ಮಾತ್ರ ಎರಡು. ಬಿಸಿಯ ವಿಚಾರ ಅವನಿಗೆ ಗತ್ತಿನಿಂದಲೇ ವಿವರಿಸಿದೆವು. ಮರುದಿನವೇ ಆ ಗತ್ತು ಇಳಿಯಿತು.

ಕನಕಗಿರಿ ದಾಟಿ, ತಾವರಗೇರಾ ದಾಟಿ, ಕುಷ್ಟಗಿ ಇನ್ನೇನು ಬಂತೆನ್ನುವಾಗ ಸುಡು ಮಧ್ಯಾಹ್ನ. ಎಂಜಿನ್ ಒಮ್ಮೆ ಕೀರಲು ದನಿ ತೆಗೆದು ಹಿಡಿದುಕೊಂಡಿತು. ಹಿಂದಿನ ಚಕ್ರ ಉರುಳುವುದನ್ನು ಬಿಟ್ಟು ಜಾರತೊಡಗಿತು. ತಟ್ಟನೆ ಕ್ಲಚ್ ಹಿಡಿದುದರಿಂದ ಬೀಳದೆ ಉಳಿದೆವು. ಎದುರಿಗೆ ಲಾರಿ ಬರುತ್ತಿದ್ದರೆ ಈ ಲೇಖನ ಬರೆಯಲು ನಾವಿರುತ್ತಿರಲಿಲ್ಲ.

ಟಂಟಂ ಗಾಡಿಯೊಂದರಲ್ಲಿ ಹೇರಿಕೊಂಡು ಕುಷ್ಟಗಿ ಸೇರಿದೆವು. ಅಲ್ಲಿಯ ಹಿರಿಯ ಮಿಸ್ತ್ರಿಯೊಬ್ಬರು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನಮ್ಮ ಅಂಗೈಗಿಟ್ಟರು. "ನೋಡ್ರಿ ಸಾಹೇಬ್ರ, ಸುಣ್ಣ ಬಳದಂಗ ಬೆಳ್ಳಗಾಗೇತಿ. ಎಂಜಿನ್ ಎಲ್ಲೋ ಗಾಳಿ ಕುಡ್ಯಾಕ ಹತ್ತೇತಿ. ನಿಮ್ಮೂರ ತಂಪಿನಾಗ ನಡದೈತಿ, ನಮ್ಮ ಬಿಸಲಾಗ ಸಿಕ್ಕಬಿದ್ದೈತಿ."

ಬಲಬದಿಯ ಮುಚ್ಚಳ ತೆಗೆದು, ಡೈನಮೋ ಕಳಚಿದಾಗ ಅದರ ಹಿಂದೆ ಕ್ರಾಂಕಿನ ಎಣ್ಣೆ ಸೀಲು ಒಣಗಿ ಬಿರುಕು ಬಿಟ್ಟಿತ್ತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು, ಎಣ್ಣೆ, ಗಾಳಿ ಮೂರೂ ಕ್ರಾಂಕ್ ಪೆಟ್ಟಿಗೆಯ ಮೂಲಕವೇ ಮೇಲೆ ಹೋಗಬೇಕು. ಸೀಲಿನ ಬಿರುಕಿನಿಂದ ಬರೀ ಗಾಳಿ ಒಳನುಗ್ಗಿದರೆ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಮಿತಿಮೀರಿ ಕಾದು ಹಿಗ್ಗಿ ಸಿಲಿಂಡರನ್ನು ಕಚ್ಚುತ್ತದೆ. ಪುಣ್ಯಕ್ಕೆ ನಮ್ಮದು ಮೇಲ್ಮೈ ಗೀರುಗಳಲ್ಲೇ ನಿಂತಿತ್ತು. ಅವರು ಗೀರುಗಳನ್ನು ನಯವಾದ ಎಮೆರಿ ಕಾಗದದಿಂದ ತಿದ್ದಿದರು. ಸೀಲಿನ ಮೇಲೆ ಅಚ್ಚಾಗಿದ್ದ ಅಳತೆ ನೋಡಿ ಬೇರಿಂಗ್ ಅಂಗಡಿಯಿಂದ ಹೊಸದು ತರಿಸಿ ಕೂರಿಸಿದರು. ಸಂಜೆಗೆ ಎಂಜಿನ್ ಹಿಂದಿನ ದನಿಯಲ್ಲೇ ಮಾತಾಡಿತು.

ತಪ್ಪು ಪೂರ್ತಿ ನಮ್ಮದೇ. ಮನೆಯಲ್ಲಿದ್ದಾಗಲೇ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯುತ್ತಿರಲಿಲ್ಲ. ಗಾಳಿ ಸೇರುತ್ತಿದೆಯೆಂಬುದಕ್ಕೆ ಅದು ಸ್ಪಷ್ಟ ಲಕ್ಷಣ. ನಾವು ಕಾರ್ಬುರೇಟರಿನ ತಿರುಪು ತಿರುವಿ ವೇಗ ತಗ್ಗಿಸಿ, ರೋಗವನ್ನು ಮುಚ್ಚಿಟ್ಟು, ಹೊಳಪು ಕೊಡುವುದರಲ್ಲಿ ತೊಡಗಿದ್ದೆವು.

ಸದಸ್ಯರ ಉಪಯೋಗಕ್ಕೆ ಕೆಲವು ಸೂಚನೆಗಳು:

ಸೀಲು: ಡೈನಮೋ ಕಡೆಯದು ಹೋದರೆ ಮೇಲೆ ಹೇಳಿದಂತೆ ಗಾಳಿ ಸೇರುತ್ತದೆ. ಕ್ಲಚ್ ಕಡೆಯದು ಹೋದರೆ ಗೇರುಬಾಕ್ಸಿನ ಎಣ್ಣೆ ಎಂಜಿನ್ನಿಗೆ ಸೇರಿ ದಟ್ಟ ಹೊಗೆ ಬರುತ್ತದೆ, ಗೇರಿನ ಎಣ್ಣೆ ಇಳಿಯುತ್ತದೆ. ವರ್ಷಗಟ್ಟಲೆ ನಿಂತ ಗಾಡಿಗೆ ಎರಡನ್ನೂ ಬದಲಾಯಿಸಿಯೇ ರಸ್ತೆಗಿಳಿಸಿರಿ.

ಪೆಟ್ರೋಲು: ಪ್ರತಿ ಲೀಟರಿಗೆ 40 ಮಿ.ಲೀ. ಎರಡು ಸ್ಟ್ರೋಕಿನ ಎಣ್ಣೆ, ಅಂದರೆ 25ಕ್ಕೆ 1. ಬೇರೆ ಡಬ್ಬದಲ್ಲಿ ಚೆನ್ನಾಗಿ ಕಲಸಿ ಹಾಕಿರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರಿಗೆ ಒಗ್ಗದು. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿ, ಟ್ಯಾಂಕಿನ ಒಳಮೈಗೆ ತುಸು ಎಣ್ಣೆ ಆಡಿಸಿಡುವುದು ಒಳ್ಳೆಯದು. ಇಲ್ಲವಾದರೆ ಹೊರಗಿನಿಂದ ಕಾಣದಂತೆ ಒಳಗೆ ತುಕ್ಕು ಹಿಡಿಯುತ್ತದೆ.

ಕಿಡಿ: ನಮ್ಮ ಮಲೆನಾಡಿನ ತೇವಕ್ಕೆ ಕಾಂಟಾಕ್ಟ್ ಪಾಯಿಂಟು ಕಪ್ಪಾಗುತ್ತದೆ. ಉಜ್ಜಿ, ಒಣ ಕಾಗದದಲ್ಲಿ ಒರೆಸಿ, ಸಂದು 0.4 ಮಿ.ಮೀ. ಇರುವಂತೆ ಹೊಂದಿಸಿರಿ. ಬ್ಯಾಟರಿಯನ್ನು ಬಿಚ್ಚಿ ಒಣ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿಸಿರಿ.

ಮಸಿ: ಎಳೆತ ಕಡಿಮೆಯಾದರೆ ಎಂಜಿನ್ ಬಿಚ್ಚಿಸುವ ಮೊದಲು ಸೈಲೆನ್ಸರಿನ ಒಳಕೊಳವೆ ಹೊರತೆಗೆದು ಮಸಿ ಕೆರೆಯಿರಿ. ಅನೇಕ ಸಲ ಅಷ್ಟರಲ್ಲೇ ರೋಗ ವಾಸಿಯಾಗುತ್ತದೆ. ಬಯಲುಸೀಮೆಯ ಧೂಳಿನಲ್ಲಿ ಓಡಿಸಿ ಬಂದವರು ಗಾಳಿ ಜರಡಿಯನ್ನೂ ಶುಚಿಗೊಳಿಸಬೇಕು.

ಚೈನು: ಈ ಗಾಡಿಯ ಚೈನಿಗೆ ಪೂರ್ತಿ ಕವಚವಿದೆ. ಧೂಳಿನಿಂದ ಅದು ಕಾಪಾಡುತ್ತದೆ, ಆದರೆ ಒಳಗಿರುವುದನ್ನು ನಮಗೆ ಮರೆಸಿಯೂಬಿಡುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸವೆದ ಕೊಂಡಿಗಳನ್ನು ಗಮನಿಸಿರಿ.

ಯಲಬುರ್ಗಾ, ಕೊಪ್ಪಳಗಳ ಮಾರ್ಗವಾಗಿ ಮರಳುವಾಗ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು ಕಂಡಿತು. ಅಲ್ಲಿಯೂ ನೆನಪಾದುದು ಚೈನೇ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ದಿನಗಟ್ಟಲೆ ಹೊಳೆಗೆ ಹರಿಯಿತು. ಸುಮಾರು ವಾರದ ಸಾಹಸದ ಬಳಿಕ ತಾತ್ಕಾಲಿಕ ಗೇಟು ಕೂರಿತು. ಎಡದಂಡೆ ಕಾಲುವೆಯನ್ನು ನಂಬಿದ ಗಂಗಾವತಿಯ ಭತ್ತದ ರೈತರು ಆ ವಾರ ಹೇಗೆ ಕಳೆದರೆಂಬುದನ್ನು ಅಕ್ಕಿ ಮಿಲ್ಲಿನಲ್ಲಿ ಕೇಳಿ ಬಂದಿದ್ದೆವು. ಅಷ್ಟು ದೊಡ್ಡ ಅಣೆಕಟ್ಟಿಗೂ ನಮ್ಮ ಪುಟ್ಟ ಗಾಡಿಗೂ ನಿಯಮ ಒಂದೇ. ಮುರಿಯುವುದು ದಿನವೂ ಕಣ್ಣಿಗೆ ಬೀಳುವ ಭಾಗವಲ್ಲ, ಯಾರೂ ಇಣುಕಿ ನೋಡದ ಭಾಗ.

ಇದು ಮೋಟಾರ್ ಸೈಕಲ್ಲಿಗೆ ಮಾತ್ರ ಹೇಳುವ ಮಾತಲ್ಲ. ತೋಟದ ಎರಡು ಸ್ಟ್ರೋಕಿನ ಸ್ಪ್ರೇಯರಿಗೂ, ಕಳೆ ಕತ್ತರಿಸುವ ಯಂತ್ರಕ್ಕೂ ಇಂಥದೇ ಸೀಲು, ಇದೇ ಪೆಟ್ರೋಲು. ಔಷಧಿ ಹೊಡೆಯುವ ದಿನವೇ ಅವು ಕೈಕೊಟ್ಟರೆ ಆಗುವ ನಷ್ಟ ಸೀಲಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

ಇನ್ನು ಸದಸ್ಯರ ಪ್ರಶ್ನೆಗೆ ಉತ್ತರ. ಗುಜರಿಯವನನ್ನು ಕರೆಯುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಸ್ಪಾನರ್ ಹಿಡಿದು ಆ ಬಲಬದಿಯ ಮುಚ್ಚಳವನ್ನು ತೆಗೆದು ನೋಡಿರಿ. ಆಮೇಲೆ ನಿರ್ಧರಿಸಿರಿ. ಟ್ಯಾಂಕು ಉಜ್ಜುವ ಕೆಲಸ ಕೊನೆಗಿರಲಿ.